ತಿಂಗಳ ಎರಡನೇ ರವಿವಾರ

ತಿಂಗಳ ಎರಡನೇ ರವಿವಾರ ಇಳಿಹೊತ್ತು ನಾಲ್ಕಕ್ಕೆ ನಮ್ಮ ಕುಲಗೋಡದ ಸೇವಾ ಸಂಘದ ಸಭೆ. ಶಾಲೆಯ ಒಂದು ಕೋಣೆ, ನೆಲಕ್ಕೆ ಜಮಖಾನ, ವಯಸ್ಸಾದವರಿಗೆಂದು ಗೋಡೆ ಪಕ್ಕ ಎರಡು ಕುರ್ಚಿ. ಬರುವವರಲ್ಲಿ ಕಿರಾಣಿ ಅಂಗಡಿಯವರಿದ್ದಾರೆ, ಟೇಲರ್ ಇದ್ದಾರೆ, ಲೈನ್‌ಮನ್ ಇದ್ದಾರೆ, ನಿವೃತ್ತ ಮಾಸ್ತರರು, ಆಶಾ ಕಾರ್ಯಕರ್ತೆ, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರು ಇದ್ದಾರೆ. ಮೊದಲು ಹಿಂದಿನ ಸಭೆಯ ನಡಾವಳಿ ಓದುತ್ತಾರೆ. ಆಮೇಲೆ ಜಮಾ-ಖರ್ಚು, ಆಮೇಲೆ ಕೆಲಸದ ಮಾತು, ಕಡೆಗೆ ಚಹಾ, ಚುರಮರಿ. ಕಿಟಕಿಯಿಂದ ಇಣುಕಿ ನೋಡಿದವರು ಇದರಲ್ಲೇನಿದೆ ಎಂದು ಮುಂದೆ ಹೋಗಬಹುದು. ನನಗಂತೂ ತಿಂಗಳಲ್ಲಿ ಇದಕ್ಕಿಂತ ಇಷ್ಟವಾದ ಹೊತ್ತು ಇನ್ನೊಂದಿಲ್ಲ.

ನಡಾವಳಿ ಪುಸ್ತಕದ ಬಗ್ಗೆ ಮೊದಲು ಹೇಳಬೇಕು. ಉದ್ದನೆಯ ರೂಲಿನ ಪುಸ್ತಕ, ಕೆಂಪು ಬಟ್ಟೆಯ ಬೆನ್ನು. ಗುಡಿ ಹಿಂದಿನ ಗಟಾರ ತುಂಬಿದೆ, ಪಂಚಾಯಿತಿಗೆ ಅರ್ಜಿ ಕೊಡಬೇಕು ಎಂದು ಠರಾವು ಆದರೆ ಅದರ ಮುಂದೆ ಒಬ್ಬರ ಹೆಸರು ಬರೆಯುತ್ತಾರೆ. ಮುಂದಿನ ತಿಂಗಳು ಆ ಸಾಲು ಓದಿದ ಕೂಡಲೇ ಎಲ್ಲರೂ ಆ ಮನುಷ್ಯನ ಕಡೆ ತಿರುಗುತ್ತಾರೆ. “ಏನಾತ್ರಿ ಅದು?” ಜೋರಿಲ್ಲ, ಸಿಟ್ಟಿಲ್ಲ, ಬರೀ ವಿಚಾರಣೆ. ಕೆಲಸ ಆಗಿದ್ದರೆ “ಆತ್ರಿ” ಎಂಬ ಒಂದೇ ಮಾತು. ಆಗದಿದ್ದರೆ ಯಾಕೆ ಆಗಲಿಲ್ಲ ಎಂಬ ಚರ್ಚೆ. ಒಳ್ಳೆಯ ಕೆಲಸ ಮಾಡಬೇಕೆಂಬ ಮನಸ್ಸು ನಮ್ಮ ಕಡೆಯ ಹಳ್ಳಿಗಳಲ್ಲಿ ಎಂದೂ ಕಡಿಮೆಯಾಗಿಲ್ಲ. ಕಡಿಮೆ ಬಿದ್ದದ್ದು ಮುಂದಿನ ತಿಂಗಳು ನೆನಪಿಟ್ಟು ಕೇಳುವವರು. ಆ ಕೊರತೆಯನ್ನು ಸಭೆ ತುಂಬುತ್ತದೆ.

ಮೂಡಲಗಿಯ ಲಯನ್ಸ್ ಕ್ಲಬ್ಬು, ಗೋಕಾಕದ ರೋಟರಿ ಕ್ಲಬ್ಬು ನಮ್ಮ ಕಡೆ ಎಲ್ಲರಿಗೂ ಗೊತ್ತು. ಇಂಥ ಒಂದು ಕ್ಲಬ್ಬಿನ ಸಭೆಗೆ ಗೆಳೆಯರೊಬ್ಬರು ನನ್ನನ್ನು ಕರೆದುಕೊಂಡು ಹೋಗಿದ್ದರು. ಗಂಟೆ ಬಾರಿಸಿ ಸಭೆ ಶುರು ಮಾಡಿದರು, ಧ್ವಜವಂದನೆ ಆಯಿತು, ತಡವಾಗಿ ಬಂದವರಿಂದ ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿ ನಗುನಗುತ್ತ ದಂಡ ವಸೂಲಿ ಮಾಡಿದರು. ಆ ದಂಡದ ಹಣವೂ ಸೇವೆಯ ಖಾತೆಗೇ. ಜುಲೈ ಬಂತೆಂದರೆ ಹೊಸ ಅಧ್ಯಕ್ಷರು. ಒಬ್ಬರೇ ಕುರ್ಚಿ ಹಿಡಿದು ಕೂಡುವ ಹಾಗಿಲ್ಲ. ಈ ಶಿಸ್ತು ನನಗೆ ಬಹಳ ಹಿಡಿಸಿತು. ಇಂಥ ಕ್ಲಬ್ಬುಗಳ ಹುಟ್ಟು ಮಾತ್ರ ಬಹಳ ಸಾದಾ. ಚಿಕಾಗೋದಲ್ಲಿ ಪಾಲ್ ಹ್ಯಾರಿಸ್ ಎಂಬ ವಕೀಲರು 1905ರ ಫೆಬ್ರವರಿಯಲ್ಲಿ ಮೂವರು ಪರಿಚಯಸ್ಥರನ್ನು ಸೇರಿಸಿಕೊಂಡು ಕೂತದ್ದೇ ರೋಟರಿಯ ಮೊದಲ ಸಭೆ. ಒಬ್ಬೊಬ್ಬರ ಆಫೀಸಿನಲ್ಲಿ ಸರದಿಯಂತೆ ಸೇರುತ್ತಿದ್ದರು. ರೋಟರಿ ಎಂಬ ಹೆಸರು ಬಂದದ್ದೂ ಆ ಸರದಿಯಿಂದಲೇ. ದೊಡ್ಡ ಪಟ್ಟಣದಲ್ಲಿ ಗೆಳೆಯರಿಲ್ಲದ ಬೇಸರಕ್ಕೆ ಹುಟ್ಟಿದ ಕೂಟ ಅದು. ಮುಂದೆ ಇದೇ ಸಂಸ್ಥೆ 1985ರಲ್ಲಿ ಪೋಲಿಯೊ ಓಡಿಸುವ ಸಂಕಲ್ಪ ಮಾಡಿತು. ನಮ್ಮ ದೇಶದಲ್ಲಿ ಪಲ್ಸ್ ಪೋಲಿಯೊ ಶುರುವಾದದ್ದು 1995ರಲ್ಲಿ. ಕಡೆಯ ಪ್ರಕರಣ ಕಂಡದ್ದು 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹಾವಡಾದಲ್ಲಿ. 2014ರ ಮಾರ್ಚ್ 27ಕ್ಕೆ ಪೋಲಿಯೊ ಮುಕ್ತ ಎಂಬ ಪ್ರಮಾಣಪತ್ರ ಬಂತು. ಈ ನಡುವಿನ ರವಿವಾರಗಳಲ್ಲಿ ದೇಶದ ತುಂಬ ಬೂತಿನಲ್ಲಿ ಕೂತು ಎರಡು ಹನಿ ಹಾಕಿ, ಮಗುವಿನ ಎಡಗೈ ಕಿರುಬೆರಳಿಗೆ ಮಾರ್ಕರಿನ ಗುರುತು ಹಾಕಿದವರೆಷ್ಟು ಜನ! ಆ ಕಿರುಬೆರಳನ್ನು ಹಿಡಿಯುವುದೂ ಒಂದು ವಿದ್ಯೆ. ಮಗು ಮುಷ್ಟಿ ಬಿಗಿ ಹಿಡಿದಿರುತ್ತದೆ, ತಾಯಿ ಬಿಡಿಸಲು ಹೋದರೆ ಇನ್ನೂ ಬಿಗಿ. ನಮ್ಮ ಆಶಾ ಅಕ್ಕ ಮಗುವಿನ ಕೈಯ ಹಿಂಬದಿಯನ್ನು ಮೆಲ್ಲಗೆ ಸವರುತ್ತಾರೆ. ಮುಷ್ಟಿ ತಾನೇ ಸಡಿಲಾಗುತ್ತದೆ.

ಹಾಗಂತ ಕೂಡಿ ಕೂತು ಸೇವೆ ಮಾಡುವ ಪದ್ಧತಿ ಹೊರಗಿನಿಂದಲೇ ಬಂತು ಎನ್ನಲು ನನಗೆ ಮನಸ್ಸಿಲ್ಲ. ನಮ್ಮ ಘಟಪ್ರಭೆಯ ಡಾ. ನಾ. ಸು. ಹರ್ಡೀಕರರನ್ನು ಮರೆತು ಈ ಮಾತು ಆಡುವುದಾದರೂ ಹೇಗೆ? ಅಮೆರಿಕದಲ್ಲಿ ಓದಿ ಬಂದು, ಹುಬ್ಬಳ್ಳಿಯಲ್ಲಿ ತರುಣರನ್ನು ಕಟ್ಟಿಕೊಂಡು ಸೇವಾ ಮಂಡಳ ನಡೆಸುತ್ತಿದ್ದವರು ಅವರು. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಆ ತರುಣರು ಸೆರೆಮನೆಗೆ ಹೋದರೂ ಕ್ಷಮಾಪಣೆ ಬರೆದುಕೊಡಲಿಲ್ಲ. ಅದೇ ವರ್ಷದ ಕೊನೆಗೆ ಕಾಂಗ್ರೆಸ್ಸಿನ ಕಾಕಿನಾಡ ಅಧಿವೇಶನದಲ್ಲಿ ಹಿಂದುಸ್ತಾನಿ ಸೇವಾದಳ ಹುಟ್ಟಿತು. ಮರುವರ್ಷ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನ. ಸಾವಿರಾರು ಜನಕ್ಕೆ ನೀರು, ದಾರಿ, ಊಟ, ಕಾವಲು ನೋಡಿಕೊಂಡವರು ಸ್ವಯಂಸೇವಕರು. ಹೆಣ್ಣುಮಕ್ಕಳನ್ನು ಸೇವೆಗೆ ಸಜ್ಜು ಮಾಡಿದವರಲ್ಲಿ ಉಮಾಬಾಯಿ ಕುಂದಾಪುರ ಅವರು ಮುಂದಾಳು. ಎಳೆಯ ವಯಸ್ಸಿನಲ್ಲೇ ವಿಧವೆಯಾದ ಆ ತಾಯಿ ಮನೆಮನೆ ಹತ್ತಿ ಇಳಿದು ಹೆಂಗಸರನ್ನು ಹೊರಗೆ ಕರೆತಂದರು. ಅಧಿವೇಶನಕ್ಕೆಂದು ತೋಡಿದ ಬಾವಿ ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ಇದೆ. ಜನ ಅದನ್ನು ಕಾಂಗ್ರೆಸ್ ಬಾವಿ ಎನ್ನುತ್ತಾರೆ.

ಹರ್ಡೀಕರರ ಕೆಲಸದಲ್ಲಿ ನನಗೆ ತೀರ ಮುಖ್ಯವೆನಿಸುವುದು ಅಧಿವೇಶನವಲ್ಲ. ಸೇವಾದಳದವರು ಪ್ರತಿ ತಿಂಗಳ ಕಡೆಯ ರವಿವಾರ ಬೆಳಿಗ್ಗೆ ಎಂಟಕ್ಕೆ ಒಂದೆಡೆ ಸೇರಿ ಧ್ವಜವಂದನೆ ಮಾಡುವ ರೂಢಿ ಹಾಕಿದರು. ದೊಡ್ಡ ಚಳವಳಿ ಇರಲಿ ಬಿಡಲಿ, ಆ ರವಿವಾರ ತಪ್ಪುವಂತಿಲ್ಲ. ಜನ ಸಿಟ್ಟಿಗೆದ್ದಾಗ ಸಾವಿರ ಮಂದಿ ತಾವಾಗಿಯೇ ಬರುತ್ತಾರೆ. ಏನೂ ಇಲ್ಲದ ತಿಂಗಳಲ್ಲಿ ಹತ್ತು ಮಂದಿಯನ್ನು ಹೊತ್ತಿಗೆ ಸರಿಯಾಗಿ ನಿಲ್ಲಿಸುವುದಿದೆಯಲ್ಲ, ಕಷ್ಟದ ಕೆಲಸ ಅದು. ಹರ್ಡೀಕರರು ಮುಂದೆ ಘಟಪ್ರಭೆಯಲ್ಲೇ ನೆಲೆಸಿದರು. 1929ರಲ್ಲಿ ಅಲ್ಲಿ ಶುರುವಾದ ಕರ್ನಾಟಕ ಹೆಲ್ತ್ ಇನ್‌ಸ್ಟಿಟ್ಯೂಟ್‌ಗೆ ಡಾ. ಕೊಕಟನೂರರಂಥವರೊಂದಿಗೆ ಹೆಗಲು ಕೊಟ್ಟರು. ನಮ್ಮ ಶಾಲೆಗಳಲ್ಲಿ ಬಿಳಿ ಟೊಪ್ಪಿಗೆ ಹಾಕಿ ಕವಾಯತು ಮಾಡುತ್ತಿದ್ದ ಭಾರತ ಸೇವಾದಳವೂ ಅವರು ಕಟ್ಟಿದ್ದೇ. ಕಾಲು ಕೂಡಿಸಿ ನಿಲ್ಲುವುದನ್ನು ಅಲ್ಲಿ ಕಲಿತ ಎಷ್ಟೋ ಮಂದಿ ಇವತ್ತು ನಮ್ಮ ಸಭೆಯಲ್ಲಿ ಕೂಡುತ್ತಾರೆ.

ಇನ್ನೂ ಹಿಂದಕ್ಕೆ ಹೋದರೆ ನಮ್ಮೂರಿನದೇ ಸಂಗತಿ ಸಿಗುತ್ತದೆ. ಕುಲಗೋಡ ಎಂದರೆ ಕನ್ನಡ ನಾಡಿಗೆ ನೆನಪಾಗುವುದು ಶ್ರೀಕೃಷ್ಣ ಪಾರಿಜಾತ ಬಯಲಾಟ. ಅಪರಾಳ ತಮ್ಮಣ್ಣನ ಕೃತಿಯನ್ನು ಬಯಲಿಗೆ ತಂದು, ಆಟವಾಗಿ ಬೆಳೆಸಿ, ಉತ್ತರ ಕರ್ನಾಟಕದ ತುಂಬ ಹಬ್ಬಿಸಿದವನು ನಮ್ಮ ಕುಲಗೋಡ ತಮ್ಮಣ್ಣ. ಪಕ್ಕದ ಕೌಜಲಗಿಯ ನಿಂಗಮ್ಮ ಆ ಆಟದಲ್ಲಿ ಮೆರೆದ ಕಲಾವಿದೆ. ಸತ್ಯಭಾಮೆಯ ಮುನಿಸು, ದೂತಿಯ ಚೇಷ್ಟೆ, ಕೊರವಂಜಿಯ ಕಣಿ ನೋಡುತ್ತ ಊರು ಬೆಳಗು ಮಾಡುತ್ತಿತ್ತು. ನೋಡುವವರಿಗೆ ರಾತ್ರಿಯ ಆಟ ಕಾಣುತ್ತದೆ. ಅದರ ಹಿಂದೆ ತಿಂಗಳುಗಟ್ಟಲೆ ತಾಲೀಮು ಇರುತ್ತಿತ್ತು. ದಿನಾ ರಾತ್ರಿ ಹೊಲದ ಕೆಲಸ ಮುಗಿಸಿ ಬಂದು ಕೂಡಬೇಕು. ದೀಪಕ್ಕೆ ಎಣ್ಣೆ ಒಬ್ಬರ ಮನೆಯದು, ಹಂದರದ ಗಳ ಇನ್ನೊಬ್ಬರ ಹಿತ್ತಿಲದ್ದು, ಮೇಳಕ್ಕೆ ಊಟ ಓಣಿಗೊಂದು ಸರದಿ. ಪಟ್ಟಿ ಹಾಕಿ ರೊಕ್ಕ ಕೂಡಿಸಿ, ಪ್ರತಿ ಪೈಸೆಯ ಲೆಕ್ಕವನ್ನು ಗುಡಿ ಕಟ್ಟೆಯ ಮೇಲೆ ಎಲ್ಲರ ಮುಂದೆ ಒಪ್ಪಿಸುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ನಮ್ಮ ಸಂಘದ ಜಮಾ-ಖರ್ಚು ಓದುವಾಗ ನನಗೆ ಆ ಕಟ್ಟೆ ನೆನಪಾಗುತ್ತದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ನಾವು ಮಾಡುವುದರಲ್ಲಿ ಹೆಚ್ಚು ಜನಕ್ಕೆ ಮುಟ್ಟುವುದು ಕಣ್ಣಿನ ತಪಾಸಣೆ ಶಿಬಿರ. 1925ರಲ್ಲಿ ಅಮೆರಿಕದ ಓಹಾಯೊದಲ್ಲಿ ನಡೆದ ಲಯನ್ಸ್ ಸಮ್ಮೇಳನಕ್ಕೆ ಹೆಲೆನ್ ಕೆಲರ್ ಬಂದು, ಕುರುಡುತನದ ವಿರುದ್ಧ ನಿಲ್ಲಿರೆಂದು ಸದಸ್ಯರನ್ನು ಕೇಳಿಕೊಂಡರು. ಕಣ್ಣು, ಕಿವಿ ಎರಡೂ ಇಲ್ಲದ ಒಬ್ಬ ಹೆಣ್ಣುಮಗಳ ಮಾತಿನಿಂದ ಜಗತ್ತಿನ ಮೂಲೆಮೂಲೆಯಲ್ಲಿ ಎಷ್ಟು ಕಣ್ಣಿನ ಶಿಬಿರಗಳಾದವು! ಶಿಬಿರದ ದಿನ ಆಸ್ಪತ್ರೆಯವರು ಬರುತ್ತಾರೆ, ಟಾರ್ಚು ಹಿಡಿದು ನೋಡುತ್ತಾರೆ, ಬಿಪಿ, ಶುಗರ್ ಪರೀಕ್ಷೆ ಮಾಡುತ್ತಾರೆ, ಪೊರೆ ಬಂದವರ ಪಟ್ಟಿ ಮಾಡುತ್ತಾರೆ. ಶುಗರ್ ಹೆಚ್ಚಿದ್ದವರನ್ನು ವಾಪಸು ಕಳಿಸುತ್ತಾರೆ, ಕಡಿಮೆ ಮಾಡಿಕೊಂಡು ಬರ್ರಿ ಎಂದು. ವಾಪಸು ಹೋದವರು ತಾವಾಗಿ ಮತ್ತೆ ಬರುವುದು ಅಪರೂಪ. ಅವರ ಹೆಸರುಗಳೇ ನಮ್ಮ ಪುಸ್ತಕದ ಮುಂದಿನ ಪುಟ.

ಪೊರೆಯ ಶಸ್ತ್ರಕ್ರಿಯೆ ಬಹಳ ಹೊತ್ತಿನದಲ್ಲ. ಮಬ್ಬಾದ ಮಸೂರ ತೆಗೆದು ಹೊಸದು ಕೂರಿಸುತ್ತಾರೆ. ಕಷ್ಟ ಇರುವುದು ಮುಂದಿನ ವಾರಗಳಲ್ಲಿ. ಹೊತ್ತುಹೊತ್ತಿಗೆ ಹನಿ ಹಾಕಬೇಕು, ತಲೆ ಮೇಲೆ ನೀರು ಹಾಕಿಕೊಳ್ಳಬಾರದು, ಬಗ್ಗಿ ಭಾರ ಎತ್ತಬಾರದು, ಒಲೆಯ ಹೊಗೆಗೆ ಕೂಡಬಾರದು. ಜೀವಮಾನವೆಲ್ಲ ಒಲೆಯ ಮುಂದೆ ಕಳೆದ ಅಜ್ಜಿಗೆ ಒಲೆಯ ಹತ್ತಿರ ಹೋಗಬೇಡ ಎಂದರೆ ಆಕೆ ಎಲ್ಲಿ ಕೂಡಬೇಕು? ನಮ್ಮ ಕೆಲಸ ಅಲ್ಲಿ. ದಿನಾ ಒಬ್ಬರು ಮನೆಗೆ ಹೋಗುವುದು, ಹನಿ ಹಾಕುವುದು, ಸೊಸೆಗೊಂದು ಮಾತು ಹೇಳುವುದು, ಹೊರಗೆ ಕಟ್ಟೆಯ ಮೇಲೆ ಅಜ್ಜಿಗೊಂದು ಜಾಗ ಮಾಡಿಸುವುದು. ಹೀಗೆ ನಾನು ಹೋಗುತ್ತಿದ್ದ ಒಂದು ಮನೆಯಲ್ಲಿ, ಕಪ್ಪು ಕನ್ನಡಕ ತೆಗೆದ ಕೆಲವು ದಿನಗಳಿಗೆ, ಅಜ್ಜಿ ಮೊರ ಮುಂದಿಟ್ಟುಕೊಂಡು ಜೋಳ ಹಸನು ಮಾಡುತ್ತಿದ್ದಳು. ನಾನು ಬಂದದ್ದು ನೋಡಿ ಮೊರದಿಂದ ಸಣ್ಣ ಸಣ್ಣ ಹಳ್ಳು ಆರಿಸಿ ಅಂಗೈಯಲ್ಲಿ ಹಿಡಿದು ತೋರಿಸಿದಳು. “ನೋಡೋ ಯಪ್ಪಾ, ಇಷ್ಟ ದಿನಾ ಇವನ್ನೆಲ್ಲಾ ಕೂಡಿಸಿ ಬೀಸಿ ಮಂದಿಗೆ ರೊಟ್ಟಿ ಮಾಡಿ ಹಾಕೇನಲ್ಲೋ!” ಎಂದು ಮರುಗಿದಳು. ತನಗೆ ಕಾಣುತ್ತಿದೆ ಎಂಬ ಸಂತೋಷಕ್ಕಿಂತ ಮಂದಿಗೆ ಹಳ್ಳು ಉಣಿಸಿದೆ ಎಂಬ ಸಂಕಟವೇ ಆಕೆಗೆ ದೊಡ್ಡದಾಗಿತ್ತು. ನಾನು ಸಮಾಧಾನ ಮಾಡಿದೆ. ಮುಂದಿನ ಶಿಬಿರಕ್ಕೆ ಆಕೆ ತನ್ನ ಓಣಿಯ ಇಬ್ಬರು ಮುದುಕಿಯರನ್ನು ತಾನೇ ಕೈಹಿಡಿದು ಕರೆತಂದಳು. ನಾವು ಹಂಚಿದ ಯಾವ ಕರಪತ್ರದಿಂದಲೂ ಆ ಕೆಲಸ ಆಗಿರಲಿಲ್ಲ.

ರಕ್ತದಾನದ ಬಗ್ಗೆ ನನಗೊಂದು ಖಚಿತವಾದ ಅಭಿಪ್ರಾಯವಿದೆ. ಜಯಂತಿ, ಹುಟ್ಟುಹಬ್ಬ ಎಂದು ಒಂದೇ ದಿನ ನೂರಾರು ಜನ ಸಾಲುಗಟ್ಟಿ ಕೊಡುವುದನ್ನು ಜನ ಹೊಗಳುತ್ತಾರೆ. ಕೊಟ್ಟವರಿಗೆ ನನ್ನ ನಮಸ್ಕಾರ. ಆದರೆ ರಕ್ತ ಬಹಳ ದಿನ ಇಡುವಂಥದ್ದಲ್ಲ. ಕೆಂಪು ಕಣಗಳು ಹೆಚ್ಚೆಂದರೆ 42 ದಿನ. ಡೆಂಗಿ ಜ್ವರದವರಿಗೆ ಬೇಕಾಗುವ ಪ್ಲೇಟ್‌ಲೆಟ್ಟು ಐದೇ ದಿನ. ಇವತ್ತು ತುಂಬಿ ತುಳುಕಿ ಎರಡು ತಿಂಗಳಿಗೆ ಬರಿದಾದರೆ, ಆಗ ಹೆರಿಗೆಯಲ್ಲಿ ರಕ್ತ ಹೋದ ಹೆಣ್ಣುಮಗಳಿಗೆ ಯಾರು ಗತಿ? ಅದಕ್ಕೇ ನಾವು ಕೊಡುವವರನ್ನು ಗುಂಪು ಗುಂಪಾಗಿ ಹಂಚಿಕೊಂಡಿದ್ದೇವೆ. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ತೂಕ 45 ಕಿಲೊ ಮುಟ್ಟಿರಬೇಕು, ಹಿಮೊಗ್ಲೋಬಿನ್ 12.5 ಇರಬೇಕು. ಒಂದು ಸಲಕ್ಕೆ ಸಾಮಾನ್ಯವಾಗಿ ತೆಗೆಯುವುದು 350 ಮಿಲಿಲೀಟರು. “ರಕ್ತ ಕೊಟ್ರ ಕಬ್ಬು ಕಡ್ಯಾಕ ಶಕ್ತಿ ಎಲ್ಲಿ ಉಳಿತೈತ್ರಿ ಕಾಕಾ?” ಎಂದು ಕೇಳುತ್ತಿದ್ದ ಹುಡುಗ ಈಗ ತನ್ನ ಸರದಿ ಯಾವಾಗ ಎಂದು ತಾನೇ ಫೋನು ಮಾಡುತ್ತಾನೆ. ಹಿಮೊಗ್ಲೋಬಿನ್ ಕಡಿಮೆ ಎಂದು ವಾಪಸಾಗುವ ಹೆಣ್ಣುಮಕ್ಕಳನ್ನು ನೋಡಿದಾಗ ಮಾತ್ರ ಮನಸ್ಸು ಭಾರವಾಗುತ್ತದೆ. ಊರಿಗೆಲ್ಲ ಅಡಿಗೆ ಮಾಡಿ ಹಾಕುವವರ ಮೈಯಲ್ಲೇ ರಕ್ತವಿಲ್ಲ.

2019ರ ಆಗಸ್ಟ್‌ನ ಪ್ರವಾಹದ ಮಾತು ಬರದೆ ಈ ಸೀಮೆಯ ಸೇವೆಯ ಮಾತು ಮುಗಿಯುವುದಿಲ್ಲ. ಹಿಡಕಲ್ ಜಲಾಶಯದಿಂದ ಬಿಟ್ಟ ನೀರು, ಹಿರಣ್ಯಕೇಶಿ, ಮಾರ್ಕಂಡೇಯದ ನೀರು ಎಲ್ಲ ಸೇರಿ ಘಟಪ್ರಭೆ ಉಕ್ಕಿ, ಗೋಕಾಕದ ಲೋಳಸೂರ ಸೇತುವೆ ಮುಳುಗಿತು. ನದಿ ದಂಡೆಯ ಊರುಗಳ ಜನ ದನಕರು ಹೊಡೆದುಕೊಂಡು ಗಂಜಿ ಕೇಂದ್ರ ಸೇರಿದರು. ಆಗ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಹೆಂಗಸರು ಕೂತು ಕಟಿರೊಟ್ಟಿ ಬಡಿದರು. ಗೋಣಿಚೀಲ ತುಂಬ ರೊಟ್ಟಿ, ಡಬ್ಬಿಗಟ್ಟಲೆ ಶೇಂಗಾ ಚಟ್ನಿ ಲಾರಿಗಳಲ್ಲಿ ಬಂದವು. ನಮ್ಮ ಓಣಿಯಲ್ಲಿ ಆ ರಾತ್ರಿಗಳಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಯಾರೂ ಯಾರಿಗೂ ಹೇಳಿರಲಿಲ್ಲ.

ನೀರು ಇಳಿಯಿತು, ಲಾರಿಗಳು ನಿಂತವು. ನಮ್ಮ ಮುಂದಿನ ಸಭೆಯಲ್ಲಿ ನದಿ ದಂಡೆಯ ಊರಿನಿಂದ ಬಂದವರೊಬ್ಬರು, “ಅರಿವೆ ಸಾಕ್ರಿ, ನಮಗ ಈಗ ಬೇಕಾಗಿದ್ದು ಕಾಗದ,” ಎಂದರು. ಮನೆಯೊಂದಿಗೆ ರೇಷನ್ ಕಾರ್ಡು, ಆಧಾರ್, ಪಾಸ್‌ಬುಕ್ಕು, ಹೊಲದ ಉತಾರ, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲ ಹೋಗಿದ್ದವು. ತಕ್ಷಣದ ಪರಿಹಾರ 10,000 ರೂಪಾಯಿ ಬರಲು ಬ್ಯಾಂಕ್ ಖಾತೆ ಬೇಕಿತ್ತು. ಬಿದ್ದ ಮನೆಯನ್ನು ಹಾನಿಗೆ ತಕ್ಕಂತೆ ಎ, ಬಿ, ಸಿ ಎಂದು ವಿಂಗಡಿಸುತ್ತಿದ್ದರು, ಅದಕ್ಕೆ ಫೋಟೊ, ಅರ್ಜಿ ಬೇಕಿತ್ತು. ಮಾಸ್ತರರು ಅಂದಿನಿಂದ ಶಾಲೆಯ ಜಗುಲಿಯಲ್ಲಿ ಪೆನ್ನು ಹಿಡಿದು ಕೂತರು. ಟ್ರ್ಯಾಕ್ಟರ್ ಹುಡುಗರು ಜನರನ್ನು ಕಚೇರಿಗೆ ಮುಟ್ಟಿಸಿ ಕರೆತಂದರು. ಯಾರ ಅರ್ಜಿ ಎಲ್ಲಿ ನಿಂತಿದೆ ಎಂಬುದು ತಿಂಗಳ ಸಭೆಯಲ್ಲಿ ಒಂದೊಂದಾಗಿ ಬರುತ್ತಿತ್ತು. ಇದಕ್ಕೆ ಫೋಟೊ ತೆಗೆಯುವವರು ಬರಲಿಲ್ಲ, ಬರುವಂಥದ್ದೂ ಅಲ್ಲ. ಸೇವೆಯ ಬಹುಪಾಲು ಹೀಗೇ, ನೀರು ಇಳಿದ ಮೇಲೆ ಶುರುವಾಗುವಂಥದ್ದು.

ನಮ್ಮ ಈ ಸಭೆ ಮೊದಲು ರಾತ್ರಿ ಎಂಟಕ್ಕಿತ್ತು. ಹೆಣ್ಣುಮಕ್ಕಳು ಬರುತ್ತಿರಲಿಲ್ಲ. “ಎಂಟಕ್ಕ ರೊಟ್ಟಿ ಬಡಿಯೂದ ಬಿಟ್ಟ ಯಾರ ಬರ್ತಾರ್ರಿ ಅಣ್ಣಾರ?” ಎಂದು ಆಶಾ ಅಕ್ಕ ಕೇಳಿದ ಮೇಲೆ ನಾಲ್ಕಕ್ಕೆ ಬದಲಾಯಿತು. ಬಂದವರು ಸ್ತ್ರೀಶಕ್ತಿ ಸಂಘದವರು. 2000ರಿಂದ ಈಚೆಗೆ ನಮ್ಮ ರಾಜ್ಯದ ಹಳ್ಳಿಗಳಲ್ಲಿ ಈ ಸಂಘಗಳ ಹೆಂಗಸರು ವಾರವಾರ ಕೂಡಿ ಉಳಿತಾಯ ಕಟ್ಟುತ್ತ, ಸಾಲ ಕೊಡುತ್ತ, ಪುಸ್ತಕ ಬರೆಯುತ್ತ ಬಂದಿದ್ದಾರೆ. ಲೆಕ್ಕದಲ್ಲಿ, ಹೊತ್ತಿನಲ್ಲಿ ಅವರಷ್ಟು ಕಟ್ಟುನಿಟ್ಟು ನಾವಿರಲಿಲ್ಲ. ನಮ್ಮ ಖಜಾಂಚಿ ಕೆಲಸ ಈಗ ಅವರ ಕೈಯಲ್ಲಿದೆ. ಯಾವ ಮನೆಯಲ್ಲಿ ಶುಗರಿನ ಗುಳಿಗೆ ತಪ್ಪಿದೆ, ಯಾವ ಮುದುಕ ಎರಡು ದಿನದಿಂದ ಹೊರಗೆ ಬಂದಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ.

ಇಷ್ಟೆಲ್ಲ ಮಾಡಿ ನಿಮಗೇನು ಸಿಗುತ್ತದೆ ಎಂದು ನೆಂಟರು ಕೇಳುತ್ತಾರೆ. ಶಾಲು, ಹಾರ ಸಿಗುತ್ತವೆ. ಅವನ್ನು ನಾನು ಕೀಳಾಗಿ ಕಾಣುವುದಿಲ್ಲ. ಶಾಲೆಗೆ ಬೆಂಚು ಕೊಟ್ಟ ರೈತನೊಬ್ಬ ಅದರ ಮೇಲೆ ತನ್ನ ತಾಯಿಯ ಹೆಸರು ಬರೆಸಬೇಕೆಂದಾಗ ಸಭೆಯಲ್ಲಿ ಎರಡು ಮಾತು ಬಂದವು. ಬರೆಸಲಿ ಎಂದವರಲ್ಲಿ ನಾನೂ ಒಬ್ಬ. ಅಕ್ಷರ ಕಲಿಯದ ತಾಯಿಯ ಹೆಸರಿನ ಮೇಲೆ ಮಕ್ಕಳು ಕೂತು ಓದಲಿ ಎಂಬ ಆಸೆ ತಪ್ಪಲ್ಲ. ಆದರೆ ದೊಡ್ಡ ಪ್ರಾಪ್ತಿ ಬೇರೆ. ಹುಟ್ಟಿ ಬೆಳೆದ ಊರಿನಲ್ಲೇ ನಾನು ಕಾಲಿಡದ ಓಣಿಗಳಿದ್ದವು. ಜಾತಿಯಿಂದ, ರೂಢಿಯಿಂದ, ಬರೀ ಉದಾಸೀನದಿಂದ ನಾವು ಹಾದುಹೋಗುವ ಬಾಗಿಲುಗಳು. ಕಣ್ಣಿನ ಹನಿ ಹಿಡಿದುಕೊಂಡು ಹೋದವನಿಗೆ ಆ ಬಾಗಿಲುಗಳು ತೆರೆಯುತ್ತವೆ, ಚಾಪೆ ಹಾಸುತ್ತಾರೆ, ಚಹಾ ಕೊಡುತ್ತಾರೆ. ಈಗ ಊರಿನಲ್ಲಿ ನಾನು ಹೋಗಲು ಹಿಂಜರಿಯುವ ಮನೆ ಇಲ್ಲ. ಇದಕ್ಕಿಂತ ಹೆಚ್ಚಿನ ಗಳಿಕೆ ನನಗೆ ತಿಳಿಯದು. ಮಾಸ್ತರರನ್ನೂ ನೋಡಿದ್ದೇನೆ. ಹೆಂಡತಿ ತೀರಿಕೊಂಡ ಮೇಲೆ, ಮಕ್ಕಳು ಪುಣೆಯಲ್ಲಿ ನೆಲೆಸಿದ ಮೇಲೆ ಅವರು ಮಾತು ಬಿಟ್ಟಿದ್ದರು. ವೃದ್ಧರ ಸಂಧ್ಯಾ ಸುರಕ್ಷಾ ಪಿಂಚಣಿಯ ಅರ್ಜಿ ತುಂಬಿಕೊಡಲು ಶುರು ಮಾಡಿದ ಮೇಲೆ ಬೆಳಗಾದರೆ ಅವರ ಪಡಸಾಲೆಯಲ್ಲಿ ಜನ. ಒಬ್ಬಳು ಮಜ್ಜಿಗೆ ತಂದಿಡುತ್ತಾಳೆ, ಇನ್ನೊಬ್ಬ ಹೊಲದ ಮೆಂತೆ ಸೊಪ್ಪು ತರುತ್ತಾನೆ. ಅವರು ಈಗ ಸಭೆಯಲ್ಲಿ ಎಲ್ಲರಿಗಿಂತ ಹೆಚ್ಚು ಮಾತಾಡುತ್ತಾರೆ. ಕೇಳಲು ನಮಗೆ ಆನಂದ.

ಹೋದ ಸಭೆಯಲ್ಲಿ ಮಾಸ್ತರರೇ ಒಂದು ವಿಷಯ ಎತ್ತಿದರು. ಕಬ್ಬಿನ ಹಂಗಾಮಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮ ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗಿನವರು ಬಂದು ಹೊಲದ ಬದಿಗೆ ಗುಡಿಸಲು ಹಾಕುತ್ತಾರೆ. ಅವರ ಮಕ್ಕಳಿಗೆ ಆ ತಿಂಗಳುಗಳಲ್ಲಿ ಶಾಲೆ ತಪ್ಪುತ್ತದೆ, ಲಸಿಕೆಯೂ ತಪ್ಪುತ್ತದೆ. ಅವರು ನಮ್ಮೂರಿನವರಲ್ಲವಲ್ಲ ಎಂದರು ಒಬ್ಬರು. “ನಮ್ಮೂರ ಕಬ್ಬ ಕಡ್ಯಾಕ ಬಂದಾರ, ಕೂಸುಗಳನ್ನ ನಾವ ನೋಡಬೇಕು,” ಎಂದರು ಮಾಸ್ತರರು. ಮರಾಠಿ ಬಲ್ಲವರು ಯಾರು ಎಂದು ವಿಚಾರವಾಯಿತು. ಸ್ತ್ರೀಶಕ್ತಿ ಸಂಘದ ಇಬ್ಬರು ಕೈ ಎತ್ತಿದರು, ಅವರ ತವರು ಗಡಿ ಆಚೆ. ಹಂಗಾಮು ಶುರುವಾದ ವಾರದೊಳಗೆ ಗುಡಿಸಲು ಗುಡಿಸಲು ತಿರುಗಿ ಮಕ್ಕಳ ಪಟ್ಟಿ ಮಾಡಿ, ಆಶಾ ಅಕ್ಕನ ಕೈಗೆ ಒಂದು ಪ್ರತಿ, ಶಾಲೆಗೆ ಒಂದು ಪ್ರತಿ ಕೊಡುವುದೆಂದು ಠರಾವಾಯಿತು. ಹರಕು ದಾರಿ, ಮೋಟಾರು ಸೈಕಲ್ಲೇ ಬೇಕು. ನನ್ನ ಹೆಸರು ಬರೆಸಿದ್ದೇನೆ. ಗಾಡಿ ಇದ್ದವರು ಇನ್ನಿಬ್ಬರು ಬೇಕು.